ಬಿಟ್ಟ ಸ್ಥಳ ತುಂಬಿರಿ

ಪರೀಕ್ಷೆಗೆ ಇನ್ನು ಹನ್ನೊಂದು ದಿನ.
ಎಂಟು ದಿನದ ಹಿಂದೆ ಬಿದ್ದ ಮಳೆಗೆ
ಇವತ್ತು ಸಿದ್ದಾಪುರದ ರೊಬಸ್ಟಾ ಎಲ್ಲ ಬಿಳಿ.
ಕಿಟಕಿ ಮುಚ್ಚಿದರೂ ಆ ವಾಸನೆ
ಕೊನೇ ಬೆಂಚಿಗೆ ಬಂದು ಕೂತಿದೆ.

ಬೋರ್ಡಿನ ಮೇಲೆ ಬರೆದೆ:
ದಿ ಎಲಿಫೆಂಟ್ ಚೇಸ್ಡ್ ಪಾಸ್ಟ್ ದ ಗೇಟ್ ಫೆಲ್.
ಓದಿದರು, ನಿಂತರು, ಹಿಂದಕ್ಕೆ ಹೋಗಿ ಮತ್ತೆ ಓದಿದರು.
ಗೇಟಿನ ತನಕ ಆನೆ ಯಾರನ್ನೋ ಅಟ್ಟುತ್ತಿತ್ತು,
ಫೆಲ್ ಬಂದದ್ದೇ ವಾಕ್ಯ ಎಡವಿತು.
'ಎರಡು ಕ್ರಿಯಾಪದ ಟೀಚರ್, ಒಂದು ಜಾಸ್ತಿ' ಅಂದ ರಂಷಾದ್.

ಜಾಸ್ತಿ ಅಲ್ಲ ಮಾರಾಯ, ಎರಡು ಪದ ಕಮ್ಮಿ.
ಆನೆಯ ಪಕ್ಕದಲ್ಲಿ ಒಂದು ವಿಚ್, ಒಂದು ವಾಸ್ ಇದ್ದವು;
ಕುಯ್ಲು ಮುಗಿದ ಮೇಲೆ ತೋಟದಿಂದ ಆಳು ಬಿಡಿಸುವ ಹಾಗೆ
ಇಂಗ್ಲಿಷು ಅವನ್ನು ಮನೆಗೆ ಕಳಿಸಿದೆ.
ಉಳಿದದ್ದು ಚೇಸ್ಡ್, ಮೂರನೇ ರೂಪ,
ನೋಡಲು ಎರಡನೆಯದರ ಅವಳಿ.
ಟೇಕನ್, ಬ್ರೋಕನ್ ಆದರೆ ಬಾಲ ಹಿಡಿದು ಗುರುತಿಸಬಹುದು.
ಇಲ್ಲಿ ಮಾಡಿದವನಿಗೂ ಅದೇ ಅಂಗಿ,
ಮಾಡಿಸಿಕೊಂಡವನಿಗೂ ಅದೇ ಅಂಗಿ.

ಅಮ್ಮಿಣಿ ಕೈ ಎತ್ತಿದಳು.
ಆನೆ ಓಡಿಸುವ ಗ್ಯಾಂಗಿನ ಕುಳಿಯನ ಮಗಳು,
ಇಡೀ ವರ್ಷದಲ್ಲಿ ಇದು ಎರಡನೇ ಸಲ.
'ಕನ್ನಡದಲ್ಲಿ ಏನು ಹೇಳೋದು ಟೀಚರ್?'
'ಅಟ್ಟಿದ ಆನೆ' ಅಂದೆ, ಸಲೀಸಾಗಿ.
'ಯಾರು ಯಾರನ್ನ?'

ಸೀಮೆಸುಣ್ಣ ಕೈಯಲ್ಲೇ ನಿಂತಿತು.

'ಹೋದ ತಿಂಗಳು ಮಾಲ್ದಾರೆಯಲ್ಲಿ
ಗೇಟಿನ ತನಕ ಅಪ್ಪ ಆನೆಯನ್ನ ಅಟ್ಟಿದ್ದು,
ಗೇಟಿಂದೀಚೆ ಆನೆ ಅಪ್ಪನ್ನ ಅಟ್ಟಿದ್ದು.
ಆನೆ ಅದೇ.
ಮತ್ತೆ, ಬಿದ್ದದ್ದು ಅಪ್ಪ.'
ಕ್ಲಾಸು ನಕ್ಕಿತು, ಅವಳೂ ನಕ್ಕಳು.
ಕುಳಿಯನ ಮೊಣಕಾಲಿಗೆ ಇನ್ನೂ ಪಟ್ಟಿ ಇದೆ.

ನಮ್ಮ ನುಡಿಯಲ್ಲಿ ಬಿಡಲು ಆ ಪದಗಳೇ ಇಲ್ಲ ಎಂದು
ವಿವರಿಸಬೇಕಿತ್ತು ನಾನು:
ಸುಟ್ಟ ರೊಟ್ಟಿ, ಕಡಿದ ಮರ, ಕಡಿದ ಹಾವು.
ರೊಟ್ಟಿ ಯಾರನ್ನೂ ಸುಡಲಿಲ್ಲ, ಮರ ಯಾರನ್ನೂ ಕಡಿಯಲಿಲ್ಲ;
ಹಾವಿನ ವಿಷಯ ಕೇಳಿ ನೋಡಬೇಕು.
ಯಾರೂ ಕೇಳುವುದಿಲ್ಲ. ಊರು
ತನಗೆ ಹಿಡಿಸಿದ್ದನ್ನು ತುಂಬಿಕೊಂಡು ಮುಂದೆ ಹೋಗುತ್ತದೆ.

ಇದನ್ನು ಕ್ಲಾಸಿಗೆ ಹೇಳಲಿಲ್ಲ:
ಬಸ್ ಸ್ಟ್ಯಾಂಡಿನಲ್ಲಿ, ಮೀನಂಗಡಿಯಲ್ಲಿ, ಸ್ಟಾಫ್ ರೂಮಿನ ಬಾಗಿಲ ಹಿಂದೆ
ನನ್ನ ಗುರುತು, ಗಂಡ ಬಿಟ್ಟವಳು.
ಆರು ವರ್ಷ.
ಯಾರು ಯಾರನ್ನ ಎಂದು ಒಬ್ಬರೂ ಕೈ ಎತ್ತಲಿಲ್ಲ.
ಗಂಡ, ಗಂಡನನ್ನು: ಎರಡಕ್ಷರದ ಖರ್ಚು.
ಅವೆರಡು ಇದ್ದರೆ
ವಿರಾಜಪೇಟೆಯ ಆರೂಕಾಲರ ಬಸ್ಸಿಗೆ
ಒಬ್ಬಳೇ ಟ್ರಂಕು ಹತ್ತಿಸಿದವಳು ನಾನು.
ಇಲ್ಲದಿದ್ದರೆ
ಜಗಲಿಯಲ್ಲಿ ಉಳಿದ ಟ್ರಂಕು.

ಗಂಟೆ ಹೊಡೆಯಿತು. ಅಮ್ಮಿಣಿಯ ನೋಟ್ ಬುಕ್ಕಿನಲ್ಲಿ
ವಾಕ್ಯ ಎರಡು ಸಲ ಇತ್ತು:
ಒಮ್ಮೆ ವಾಸ್ ಹಾಕಿ, ಒಮ್ಮೆ ಹಾಕದೆ.
ಎರಡನೆಯದರಲ್ಲಿ ಕೊನೆಗೆ ಫೆಲ್ ಇರಲಿಲ್ಲ, ಮೈ ಫಾದರ್ ಇತ್ತು.
ಕೀ ಉತ್ತರದಲ್ಲಿ ಒಂದೇ ಇರುವುದು.
ಎರಡಕ್ಕೂ ರೈಟ್ ಹಾಕಿದೆ.

ಕತ್ತಲಾಗುವ ಮುಂಚೆ ಗುಂಪಾಗಿ ಹೋಗಿ ಎಂದೆ,
ತೋಟದ ಅಡ್ಡದಾರಿ ಬೇಡ.
ಬೋರ್ಡು ಒರೆಸಿದೆ.
ಫೆಲ್ ಮಾತ್ರ ಸರಿಯಾಗಿ ಹೋಗಲಿಲ್ಲ.