ಕತ್ತಿನ ಹಿಂದಿನ ಚೀಟಿ

ನಮ್ಮೂರು ವುಚ್. ನಮ್ಮ ಮಾತಿನಲ್ಲಿ ಹಾಗೆಂದರೆ ದೋಣಿ.
ನದಿಗಳನ್ನೆಲ್ಲ ಎಂದೋ ನೆಲದಡಿ ಹೂತು
ಮೇಲೆ ನೂಲಿನ ಗಿರಣಿ ಕಟ್ಟಿದರು,
ಗಿರಣಿ ಸತ್ತಮೇಲೆ ಅದೇ ಕೆಂಪಿಟ್ಟಿಗೆಯ ಹೊಟ್ಟೆಯೊಳಗೆ
ಮಾಲು ತೆರೆದರು.
ಅಮ್ಮ ಗೆನೊವೆಫಾ ಮೂರನೇ ಪಾಳಿಯಲ್ಲಿ
ಮೂವತ್ತೊಂದು ವರ್ಷ ನಿಂತ ಜಾಗದಲ್ಲಿ
ಈಗ ತಲೆಯಿಲ್ಲದ ಗೊಂಬೆಯೊಂದು ನಿಂತಿದೆ.
ಅದಕ್ಕೂ ಕೂರಲು ಸ್ಟೂಲಿಲ್ಲ.

ಅಲ್ಲಿಂದಲೇ ನೇರ ನನ್ನ ಅಟ್ಟಕ್ಕೆ ಬಂದ ಕ್ಸಾವೆರಿ,
ಫೆಬ್ರವರಿಯ ಕೆಸರಿನ ಒಂದು ಮಂಗಳವಾರ,
ಸಾಸಿವೆ ಹೂವಿನ ಹಳದಿ ಕೋಟು ತೊಟ್ಟು.
"ನನ್ನ ಚಿತ್ರ ಬರೆಯಿರಿ, ಎಣ್ಣೆಬಣ್ಣದಲ್ಲಿ,
ಹಳೇ ಕಾಲದ ದೊರೆಗಳ ಹಾಗೆ.
ಆದರೆ ನಾನು ನಾನಾಗಿಯೇ ಕಾಣಬೇಕು."
ಆಗಲಿ ಅಂದೆ. ಮುಂಗಡ ಎರಡು ಸಲ ಎಣಿಸಿದೆ.

ಮುಂದಿನ ಮಂಗಳವಾರ ಬಾತುಕೋಳಿ ಕತ್ತಿನ ಹಸಿರು.
ಹಳದಿ ಎಲ್ಲಿ ಮಗಾ?
"ಅದು ಹಳೇ ನಾನು."
ಏಳು ದಿನದ ಹಳಬ!
ಚೂರಿಯಲ್ಲಿ ಹಳದಿ ಕೆರೆದು ಹಸಿರು ಹಚ್ಚಿದೆ.
ಅದರ ಮುಂದಿನ ವಾರ ಹೆಗಲ ಮೇಲೆ ಚಿರತೆಯ ಚುಕ್ಕಿ,
ಆಮೇಲೆ ತೂತಿಗೂ ಬೆಲೆ ಕಟ್ಟಿದ ಪ್ಯಾಂಟು,
ಆಮೇಲೆ ಸತ್ತ ಗಿರಣಿಯದೇ ಮೇಲಂಗಿ, ನೀಲಿ,
ಜೇಬಿನ ಮೇಲೆ ಮಸಿಕಲೆ, ಅಂಗಡಿಯವರೇ ಹಚ್ಚಿಸಿದ್ದು.
(ಅಮ್ಮ ಸೋಡಾಪುಡಿಯಲ್ಲಿ ತಿಕ್ಕುತ್ತಿದ್ದ ಕಲೆ.)
ಕೋಟಿನ ಮೇಲೆ ಕೋಟು, ಬಟ್ಟೆಯದೂ ಬಣ್ಣದ್ದೂ.
ಕ್ಯಾನ್ವಾಸು ಬಸುರಿ ಹಸುವಿನ ಹಾಗೆ ಭಾರವಾಯಿತು.
ಮುಖದ ಜಾಗ ಮಾತ್ರ ಸುಲಿದ ಮೊಟ್ಟೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ,
ಇವನಿಗೆ ಊಟವೂ ಪರರಿಚ್ಛೆ:
ನಾನು ಕೊಟ್ಟ ಬೀಟ್‌ರೂಟ್ ಸಾರಿಗೆ
ಕಿಟಕಿಯ ಬೆಳಕು ಹೊಂದಿಸಿ, ಫೋಟೋ ಹಿಡಿದು,
ಬಂದ ಮೆಚ್ಚುಗೆ ಎಣಿಸಿ,
ಕೆನೆಗಟ್ಟಿದ ಮೇಲೆ ಚಮಚ ಅದ್ದಿದ.

ಒಂದೇ ಒಂದು ಕಸುಬು ಅವನ ಸ್ವಂತದ್ದು. ತುರಿಸಿಕೊಳ್ಳುವುದು.
ಯಾವ ಕೋಟಿರಲಿ, ಹತ್ತು ನಿಮಿಷಕ್ಕೊಮ್ಮೆ
ಕೈ ಕತ್ತಿನ ಹಿಂದಕ್ಕೆ.
ಹೇನೇ? ಹುಣ್ಣೇ? ಕನ್ನಡಕ ಏರಿಸಿ ಹಿಂದೆ ಹೋದೆ.
ಕಾಲರಿನೊಳಗೆ ಮಡಚಿಟ್ಟ ಚೀಟಿ,
ಅದರ ಪ್ಲಾಸ್ಟಿಕ್ ದಾರ ಗೀರಿದ ಕೆಂಪು ಗೆರೆ,
ಬೆಲೆ ನಾಲ್ಕಂಕಿ.

"ಹದಿನಾಲ್ಕು ದಿನ" ಅಂದ, ನೆಲ ನೋಡುತ್ತ.
"ಅಷ್ಟರೊಳಗೆ ವಾಪಸು ಕೊಟ್ಟರೆ ಪೂರ್ತಿ ದುಡ್ಡು.
ಕಾಫಿ ಚೆಲ್ಲಬಾರದು. ಬೆವರಬಾರದು.
ನನ್ನ ಬೀರುವಿನಲ್ಲಿ ಎರಡು ಬನಿಯನ್ನು,
ಅಜ್ಜಿ ಹೆಣೆದ ಒಂದು ಸ್ವೆಟರು. ತೋಳು ಗಿಡ್ಡ."
ಆಗ ಬಂತು ನೋಡಿ ಮುಖಕ್ಕೆ ಮುಖ!
ಅಲ್ಲಾಡಬೇಡ ಅಂದೆ,
ಒದ್ದೆ ಕುಂಚ ಹಲ್ಲಲ್ಲಿ ಕಚ್ಚಿ, ಒಣ ಕುಂಚದಲ್ಲಿ ಬರೆದೆ.

ನಗಬಹುದಿತ್ತು. ನಗು ಗಂಟಲವರೆಗೆ ಬಂದಿತ್ತು ಕೂಡ.
ಆದರೆ ಅಮ್ಮನಿಗಿದ್ದದ್ದು ಒಂದೇ ಕೋಟು,
ಹೊರಮೈ ಸವೆದಾಗ ಬಿಚ್ಚಿ, ಒಳಮೈ ಹೊರಗೆ ಮಾಡಿ
ಮತ್ತೆ ಹೊಲಿಸಿದ್ದು. ಗುಂಡಿಗಳು ಗಂಡಸರ ಕಡೆಗೆ ಹೋಗಿದ್ದವು.
ಅದರ ಒಳಗಡೆ ಪ್ಯಾರಿಸ್ಸಿನ ರೇಷ್ಮೆ ಲೇಬಲ್ಲು,
ಯಾರದೋ ಹರಿದ ಅಂಗಿಯಿಂದ ಕದ್ದು ಹಚ್ಚಿದ್ದು.
ಭಾನುವಾರ ಇಗರ್ಜಿಯಲ್ಲಿ ಕೋಟು ಕಳಚಿ
ಬೆಂಚಿನ ಬೆನ್ನಿಗೆ ಹಾಕುವಳು, ನಿಧಾನ,
ಹಿಂದಿನ ಸಾಲಿನವರಿಗೆ ಓದಲು ಬರುವ ಹಾಗೆ.
ಮಂಡಿಯೂರಿ ಕಣ್ಣು ಮುಚ್ಚುವ ಮುನ್ನ
ಒಮ್ಮೆ ಹಿಂದಿರುಗಿ ನೋಡುವಳು.

ಚಿತ್ರ ಮುಗಿದಾಗ ಯಾವ ಬಣ್ಣವೆಂದು ಹೇಳಲಾಗದ ಕೋಟು,
ಕತ್ತಿನ ಹಿಂದೆ ಒಂದು ಕೈ, ಬೆರಳ ಸಂದಿಯಲ್ಲಿ
ಬೆಳ್ಳಗೆ ಇಣುಕುವ ಚೀಟಿ.
ಬೈಯುತ್ತಾನೆಂದು ಕಾದೆ. ಬೈಯಲಿಲ್ಲ.
ಬಹಳ ಹೊತ್ತು ನೋಡಿದ, ಫೋನು ತೆಗೆಯದೆ.
ಆಮೇಲೆ ಕೆಳಗಿನ ಮೂಲೆಗೆ ಬೆರಳಿಟ್ಟು,
"ನಿಮ್ಮ ಸಹಿ ಇನ್ನೂ ಸ್ವಲ್ಪ ದೊಡ್ಡದಿರಲಿ" ಅಂದ,
"ದೂರದಿಂದ ಕಾಣಬೇಕಲ್ಲ."

ಹೌದಲ್ಲ ಅನ್ನಿಸಿತು.
ಕೆಂಪು ಕಲಸಿದೆ.