ಮುಟ್ಟಿದ್ದೊಂದು ಕಡೆ

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಎರಡು ಪರದೆ,
ಎಡದ್ದು ರೋಬಸ್ಟಾಕ್ಕೆ, ಬಲದ್ದು ಅರೇಬಿಕಾಕ್ಕೆ.
ಎಡದ್ದನ್ನು ಮುಟ್ಟಿದರೆ ಬಲದ್ದು ಬೆಚ್ಚುತ್ತದೆ,
ಬಲದ್ದನ್ನು ಮುಟ್ಟಿದರೆ ಎಡದ್ದು,
ಅದೂ ನಾಲ್ಕು ಬೆರಳು ಕೆಳಗೆ.

"ರಾತ್ರಿ ಕರೆಂಟು ಹೋಗಿ ಬಂತು, ಅಷ್ಟೇ"
ಅಂದರು ರೈಟರ್ ಪೆಮ್ಮಯ್ಯ,
ಹೋಗಿ ಬರುವುದೂ ಒಂದು ತಪ್ಪೇ ಎಂಬ ಹಾಗೆ.
ರೋಬಸ್ಟಾ ನಿಲ್ಲಿಸು ಅಂದರೆ ಅರೇಬಿಕಾ ನಿಂತು,
ನಿಲ್ಲಬೇಕಿದ್ದ ಗಾಳಿಕೊಳವೆ
ಒಳ್ಳೇ ಕಾಳನ್ನೂ ಉಫ್ ಉಫ್ ಊದಿ
ಕರಿಕಾಳಿನ ತೊಟ್ಟಿಗೆ ತಳ್ಳಿತ್ತು:
ಹನ್ನೊಂದು ಚೀಲ.

ಹೊರಗೆ ಕಣದ ಮೇಲೆ ಜನವರಿಯ ಬಿಸಿಲು,
ಒಳಗೆ ಹೊಟ್ಟಿನ ಧೂಳು, ನನಗೆ ಸೀನು.
ಪರದೆಯ ಬೆನ್ನು ಬಿಚ್ಚಿದೆ.
ಎರಡು ಬೆರಳಗಲದ ಹಸಿರು ಹಲಗೆ, ಅದರ ಮೇಲೆ
ಕಂಟ್ರೋಲರು, ತೊಗರಿಬೇಳೆಯಷ್ಟು ಕಪ್ಪು.
ಮುಟ್ಟಿದ್ದೆಲ್ಲಿ ಎಂದು ಅದಕ್ಕೆ ಗೊತ್ತು.
ಯಾಕೆ ಮುಟ್ಟಿದರೆಂದು ಗೊತ್ತಿಲ್ಲ.
ತನ್ನ ಗಾಜಿನ ಹಿಂದೆ ಹೊಳೆಯುವ ಚಿತ್ರ ಯಾವುದೆಂದು
ಯಾರಾದರೂ ಕೂತು ಹೇಳಿಕೊಡಬೇಕು.

ಹೇಳಿಕೊಟ್ಟೇ ಹೋಗಿದ್ದರು, ನನಗಿಂತ ಮೊದಲು ಬಂದವರು.
ಬರೆದಿಟ್ಟದ್ದು ಮಾತ್ರ ಕಂಪ್ಯೂಟರಿನ ಫೈಲಿನಲ್ಲಿ:
ಮೊದಲು ಎದ್ದದ್ದು ಎಡ, ಆಮೇಲೆ ಎದ್ದದ್ದು ಬಲ.
ನಿನ್ನೆ ರಾತ್ರಿ ಬಲದ್ದು ಮೊದಲು ಕಣ್ಣುಬಿಟ್ಟು
ಎಡದರ ಹಾಜರಿಗೆ ಓಗೊಟ್ಟಿದೆ. ಪಾಪ,
ಅದರ ತಪ್ಪೇನು.

ಇದನ್ನೆಲ್ಲ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಳು ನಬೀಸ.
ಹತ್ತೊಂಬತ್ತು ವರ್ಷ ಬೆಲ್ಟಿನ ಮುಂದೆ ಕಾಳು ಹೆಕ್ಕಿದವಳು;
ಮೆಷೀನು ಬಂದಾಗ ನಲವತ್ತು ಹೆಂಗಸರಲ್ಲಿ
ಉಳಿದವಳು.
"ಚೆರಿ ಕುಯ್ಯುವ ಕಾಲದಲ್ಲಿ
ರೈಟರ ಪುಸ್ತಕದಲ್ಲಿ ನನ್ನದು ಐವತ್ತು ಕಿಲೋ,
ನನ್ನ ತಲೆವಸ್ತ್ರದ ಚುಂಗಿನ ಗಂಟಿನಲ್ಲಿ ಐವತ್ತೆಂಟು.
ಪುಸ್ತಕ ಅವರ ಹತ್ತಿರ ಇರಲಿ ಸಾರ್,
ಗಂಟು ನಮ್ಮ ಹತ್ತಿರ ಇರಬೇಕು."
ಪೆಮ್ಮಯ್ಯನವರು ಕಿಟಕಿಯಾಚೆ
ಲಾರಿ ಬಂತೇ ಎಂದು ನೋಡಿದರು.

ಸರಿ, ಗಂಟು ಗಾಜಿನ ಹತ್ತಿರವೇ.
ಫೈಲು ಅಳಿಸಿದೆ. ಒಂದೊಂದು ಕಂಟ್ರೋಲರಿಗೂ
ಅದರದೇ ನಂಬರು ಕೊಟ್ಟು, ಅದರದೇ ಚಿತ್ರ ಕಟ್ಟಿ,
ಮೂಲೆಗೊಂದು ಪ್ಲಸ್ಸು ಮೂಡುವುದನ್ನು ಕಾದು ನಿಂತೆ.
ಮೇಲೆ ಎಡ. ಮೇಲೆ ಬಲ. ಕೆಳಗೆ ಬಲ. ಕೆಳಗೆ ಎಡ.
ಪಿಳಿಕ್ ಎಂದು ಒಂದೊಂದೂ ಆರಿತು.
ನಾನು ಮುಟ್ಟಿದ್ದು ನಾನು ಮುಟ್ಟಿದಲ್ಲೇ.

"ನೀವು ಒತ್ತಿ" ಅಂದೆ. ನಬೀಸ ಕೂತಲ್ಲಿಂದಲೇ
'ನಿಲ್ಲಿಸು' ಒತ್ತಿದಳು, 'ವೇಗ' ಹೆಚ್ಚಿತು.
ಮತ್ತೆ ಒತ್ತಿದಳು, ಮತ್ತೆ ವೇಗ.
ಬೆರಳು ಸವೆದಿದೆ, ಅದಕ್ಕೇ ಎಂದು ಸೆರಗಿಗೆ ಒರೆಸಿಕೊಂಡಳು.
ಬೆರಳಲ್ಲ.
ನಾನು ಆರಡಿ, ನಿಂತು ಮೇಲಿಂದ ನೋಡುವವನು;
ಅವಳು ಕೂತು ಕೆಳಗಿನಿಂದ.
ಗಾಜಿಗೂ ಚಿತ್ರಕ್ಕೂ ನಡುವೆ ಒಂದು ಕಾಳಿನಷ್ಟು ಸಂದು,
ಆ ಸಂದಿನಲ್ಲಿ ಇಬ್ಬರ ನೋಟವೂ ಬೇರೆ ಬೇರೆ ಓರೆ.
ಹದಿನೈದು ವರ್ಷದಿಂದ ಎಷ್ಟು ಊರಿನ ಎಷ್ಟು ಪರದೆಗೆ
ನನ್ನ ಎತ್ತರವನ್ನೇ ಬರೆದಿಟ್ಟು
ಬಿಲ್ಲು ಹರಿದು ಬಂದಿದ್ದೇನೋ.

ಮತ್ತೆ ನಾಲ್ಕು ಪ್ಲಸ್ಸು, ಈ ಸಲ ಅವಳ ಬೆರಳು.
ಕಾಳು ಹೆಕ್ಕುವ ಹಾಗೆಯೇ ಒತ್ತಿದಳು, ಅವಸರವಿಲ್ಲದೆ,
ಒಂದೊಂದನ್ನೂ ಕೊಂಚ ಅನುಮಾನಿಸಿ.
'ಉಳಿಸಲೇ?' ಎಂದಿತು. ಉಳಿಸಿದೆ, ಕಂಟ್ರೋಲರಿನ ಒಳಕ್ಕೆ.
ಮೇನ್ ಸ್ವಿಚ್ಚು ಎಳೆದು ಕತ್ತಲಲ್ಲಿ ಹತ್ತು ಎಣಿಸಿ ಹಾಕಿದೆ.
ಈ ಸಲವೂ ಬಲದ್ದೇ ಮೊದಲು ಎದ್ದಿತು.
ಬಲದ್ದಾಗಿಯೇ ಎದ್ದಿತು.

ಪೆಮ್ಮಯ್ಯನವರು ನಡುವೆ ಬಂದು, ನಿಂತೇ,
'ಶುರು' ಒತ್ತಿದರು. ಏನೂ ಆಗಲಿಲ್ಲ.
ಇನ್ನೊಮ್ಮೆ, ಉಗುರಿನಿಂದ.
ನನ್ನ ಕಡೆ ತಿರುಗಿ ನೋಡಿದರು.

ನಬೀಸ ಎದ್ದು ಸ್ಟೂಲು ಸರಿಸಿದಳು:
"ಕೂತು ಮುಟ್ಟಿ ಸಾರ್."