ಸೋಮವಾರದ ಬೀಸು

ಸೋಮವಾರ ಮೈದಾನಕ್ಕೆ ರಜೆ.
ಕಾರುಗಳಿಲ್ಲ, ಬಿಳಿ ಟೋಪಿಗಳಿಲ್ಲ.
ತಳಿ ರಸ್ತೆಯ ಗೇಟಿಗೆ ಒಳಗಿನಿಂದ ಬೀಗ ಹಾಕಿ
ಕ್ಯಾಡಿ ಹುಡುಗರು, ನೀರು ಬಿಡುವವರು,
ಹುಲ್ಲು ಕತ್ತರಿಸುವ ಯಂತ್ರದ ಮೆಕ್ಯಾನಿಕ್ಕು ನಾನು,
ಯಾರೋ ಬಿಟ್ಟುಹೋದ ಹಳೆ ಕೋಲುಗಳಲ್ಲಿ ಆಡುತ್ತೇವೆ.
ಪಂದ್ಯ ಒಂದೇ: ಯಾರ ಚೆಂಡು ದೂರ.
ಸೋತವನದು ಬಾಗಲೂರು ರಸ್ತೆಯ ಬಿರಿಯಾನಿ.
ಎಂಟು ಸೋಮವಾರದಿಂದ ದುಡ್ಡು ನನ್ನದೇ.

ಸಂಪಂಗಿಗೆ ಹತ್ತೊಂಬತ್ತು, ಹುಣಸೆ ಬರಲಿನ ಮೈ.
ಅವನ ಚೆಂಡು ನೀಲಗಿರಿ ಸಾಲು ದಾಟಿದರೆ
"ಹೋಯ್ತು, ಕರ್ನಾಟಕಕ್ಕೆ ಹೋಯ್ತು!" ಅಂತ ಕೂಗುತ್ತಾರೆ.
ನನ್ನದು ತಮಿಳುನಾಡಿನಲ್ಲೇ,
ಒಂದು ಬೀಡಿ ಮುಗಿಯುವುದರೊಳಗೆ ನಡೆದು ಮುಟ್ಟುವಷ್ಟು.

ಲೆಕ್ಕ ಗೊತ್ತಿಲ್ಲದವನಲ್ಲ.
ಸಿಪ್‌ಕಾಟಿನಲ್ಲಿ ಇಪ್ಪತ್ತೊಂಬತ್ತು ವರ್ಷ ಲೇತಿನ ಮುಂದೆ ನಿಂತವನು.
ಚಕ್ರದ ನಡು ನಿಧಾನ, ಅಂಚು ಜೋರು,
ಇದನ್ನು ನನಗೆ ಯಾರು ಹೇಳಬೇಕು?
ಸೊಂಟ ಮೊದಲು, ಹೆಗಲು ಆಮೇಲೆ, ಕೈ ಕಟ್ಟಕಡೆಗೆ,
ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು
ಹುಡುಗರಿಗೆ ಪಾಠ ಮಾಡಿದ್ದೇನೆ.
ಅವರು ನೋಡಿದರು, ನಕ್ಕರು, ಹೋಗಿ ಹೊಡೆದರು.
ದೂರಕ್ಕೆ.

ಪಾಪಕ್ಕ ಗ್ರೀನಿನಲ್ಲಿ ಕಳೆ ಕೀಳುವವಳು.
ಒಂದು ದಿನವೂ ಕೋಲು ಮುಟ್ಟಿದವಳಲ್ಲ.
ಕೂತಲ್ಲಿಂದಲೇ ಅಂದಳು:
"ಚೂಡಪ್ಪಣ್ಣ, ಅದೇನು ಕಳ್ಳನ ಕತ್ತು ಹಿಡಿದಂಗೆ ಹಿಡೀತೀಯ?
ಬಟ್ಟೆ ಒಗೆದಿಲ್ವಾ ನೀನು?
ಕೈ ಕಲ್ಲಿನ ತನಕ ಹೋಗಲ್ಲ ಕಣಣ್ಣ.
ಕೈ ನಿಂತ್ಕೊಂಡ್ಬಿಡುತ್ತೆ.
ಬಟ್ಟೆ ಹೋಗುತ್ತೆ."

ನಾನು ಮಾತಾಡಲಿಲ್ಲ.
ನನ್ನ ಎಡಗೈ ಕಿರುಬೆರಳು ತೊಂಬತ್ತನಾಲ್ಕರ ಆಷಾಢದಲ್ಲಿ,
ಬೇರೆಯವನ ಪಾಳಿಗೆ ಪವರ್ ಪ್ರೆಸ್ಸಿನ ಮುಂದೆ ಬದಲಿ ಕೂತ ರಾತ್ರಿ,
ಅಲ್ಲೇ ಉಳಿಯಿತು.
ಕೋಲಿನ ಭಾರವೆಲ್ಲ ಆ ಬೆರಳಿನ ಮೇಲೇ ಅಂತೆ.
ಅಂದಿನಿಂದ ಏನು ಹಿಡಿದರೂ,
ಸ್ಪ್ಯಾನರು, ಬಸ್ಸಿನ ಕಂಬಿ, ಎಣ್ಣೆ ಹಚ್ಚಿದ ಕೂಸಿನ ಕಾಲು,
ಇಲ್ಲದ ಬೆರಳಿನ ಪಾಲನ್ನೂ ಸೇರಿಸಿ
ಒಂಬತ್ತು ಬಿಗಿಯುತ್ತವೆ.
ಜಾರಿದರೆ ಏನಾಗುತ್ತದೆಂದು ಅವಕ್ಕೆ ಗೊತ್ತು.

ಸಂಪಂಗಿ ಬಂದು ಕೋಲನ್ನು ತಲೆಕೆಳಗು ಮಾಡಿ ಕೊಟ್ಟ.
"ತಲೆ ಕಡೆ ಹಿಡಿ. ಚೆಂಡು ಬೇಡ. ಬರೀ ಗಾಳಿಗೆ ಬೀಸು.
ಸುಯ್ ಅನ್ನೋದು ಎಲ್ಲಿ ಕೇಳುತ್ತೆ, ಹೇಳು."

ಬೀಸಿದೆ.
ಸುಯ್ ಅಂದದ್ದು ಬಲಗಿವಿಯ ಹತ್ತಿರ,
ಕೋಲು ಇನ್ನೂ ಇಳಿಯುವ ಮೊದಲೇ.
ಅಂದರೆ ಇಷ್ಟು ದಿನ
ಇದ್ದ ವೇಗವನ್ನೆಲ್ಲ ಮೇಲೆಯೇ ಕಳೆದು
ಚೆಂಡಿನ ಬಳಿಗೆ ಬರಿಗೈಯಲ್ಲಿ ಬರುತ್ತಿದ್ದೆ,
ಸಂಬಳದ ಸಂಜೆ ದಾರಿಯುದ್ದ ಬಾಕಿ ತೀರಿಸಿ
ಮನೆಯ ಮೆಟ್ಟಿಲು ಹತ್ತುವವನ ಹಾಗೆ.

ಮತ್ತೆ ಬೀಸಿದೆ. ಮತ್ತೆ.
ತುಕ್ಕು ಹಿಡಿದ ನಟ್ಟು ಸಡಿಲಿಸುವಾಗ ಕಿವಿಗೊಡುವ ಹಾಗೆ
ಕಿವಿಗೊಟ್ಟು,
ಹಿಡಿತವನ್ನು ಎಳೆ ಎಳೆಯಾಗಿ ಬಿಟ್ಟೆ.
ಸದ್ದು ಕೆಳಗಿಳಿಯಿತು: ಹೆಗಲಿಗೆ, ಸೊಂಟಕ್ಕೆ, ಮಂಡಿಗೆ.
ನಲವತ್ತೋ ಐವತ್ತೋ ಬೀಸಾಗಿರಬೇಕು,
ಎಡಗಾಲಿನ ಆಚೆ, ಹುಲ್ಲಿನ ಹತ್ತಿರ,
ಸುಯ್.
ಪಾಪಕ್ಕ ತಲೆಯೆತ್ತಲಿಲ್ಲ.
"ಈಗ ಒಗೆದೆ" ಅಂದಳು.

ಚೆಂಡಿಟ್ಟರು.
ಕೋಲು ಕೈಯಲ್ಲಿ ಕೊಂಚ ಅಲುಗಿತು, ಅಲುಗಲಿ ಎಂದೆ.
ಇಲ್ಲದ ಬೆರಳಿಗೆ ಅದರ ಪಾಲು ಬಿಟ್ಟುಕೊಟ್ಟೆ.
ಅಂಗೈಗೆ ಏನೂ ತಾಗಿದಂತಾಗಲಿಲ್ಲ.
ಸದ್ದು ಮಾತ್ರ, ತಡವಾಗಿ, ಎಲ್ಲಿರಬೇಕೋ ಅಲ್ಲಿ.

ನೀಲಗಿರಿ ಸಾಲಿನ ಈಚೆಗೇ ಬಿತ್ತು.
ಕರ್ನಾಟಕ ಇನ್ನೂ ದೂರ.
ಆ ಸೋಮವಾರದ ಬಿರಿಯಾನಿಯೂ ನನ್ನದೇ,
ಪಾಪಕ್ಕನಿಗೊಂದು ಪೊಟ್ಟಣ ಹೆಚ್ಚು.

ಆದರೆ ಚೆಂಡು ಹುಡುಕುತ್ತ ಹೋದಾಗ
ಬೀಡಿ ಮುಗಿಯಿತು, ದಾರಿ ಮುಗಿಯಲಿಲ್ಲ.
ನಿಂತು
ಎರಡನೆಯದು ಹಚ್ಚಿದೆ.